ದುಬಾರಿ ಪೆಟ್ರೋಲು, ಓದದ ಚೀಟಿ

ಭಾನುವಾರ ಬೆಳಗಿನ ಜಾವ ಐದೂವರೆಗೆ ಬಳ್ಳಾರಿ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ನಿಂತರೆ ಬೆಂಗಳೂರಿನ ದುಬಾರಿ ಕಾರುಗಳು ಒಂದೊಂದಾಗಿ ಬಂದು ಹೋಗುವುದು ಕಾಣುತ್ತದೆ. ಎಲ್ಲವೂ ನಂದಿ ಬೆಟ್ಟದ ಕಡೆ ಹೊರಟವು. ಹೋದ ತಿಂಗಳು ಅಲ್ಲಿ ನನ್ನ ಮುಂದೆ ನಿಂತಿದ್ದದ್ದು ಹಳದಿ ಬಣ್ಣದ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಬಂಕಿನ ಹುಡುಗ "ನಾರ್ಮಲ್ಲಾ, ಹಂಡ್ರೆಡ್ಡಾ ಸಾರ್?" ಅಂದ. ಒಳಗಿದ್ದವರು ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ "ಹಂಡ್ರೆಡ್ಡು, ಫುಲ್ ಮಾಡು" ಅಂದರು. ಹುಡುಗ ಟ್ಯಾಂಕಿನ ಮುಚ್ಚಳ ತೆಗೆದ. ಅದರ ಒಳಮೈಗೆ ಕಂಪನಿಯವರು ಅಂಟಿಸಿದ ಚೀಟಿ ನಾನು ನಿಂತಲ್ಲಿಗೇ ಕಾಣುತ್ತಿತ್ತು: ಕನಿಷ್ಠ ಆಕ್ಟೇನ್ 95.

"ನಿಮ್ಮ ಗಾಡಿ 95 ಕೇಳುತ್ತಲ್ಲ?" ಅಂದೆ.

"ಸ್ಪೋರ್ಟ್ಸ್ ಕಾರಲ್ವಾ ಸಾರ್, ಒಳ್ಳೇದೇ ಹಾಕ್ಬೇಕು."

ಎಷ್ಟು ವರ್ಷದಿಂದ ಓಡಿಸುತ್ತಿದ್ದೀರಿ ಎಂದು ಕೇಳಿದೆ. ನಾಲ್ಕು ವರ್ಷ. ಆ ಚೀಟಿ ಓದಿದ್ದೀರಾ? "ಯಾವ ಚೀಟಿ?"

ನಾಲ್ಕು ವರ್ಷ, ಪ್ರತಿ ಸಲ ಪೆಟ್ರೋಲು ಹಾಕಿಸುವಾಗಲೂ ಆ ಮುಚ್ಚಳ ತೆರೆದುಕೊಂಡಿದೆ. ಒಂದು ಸಲವೂ ಅವರು ಸೀಟಿನಿಂದ ಎದ್ದು ಬಂದು ನೋಡಿಲ್ಲ. ಅರ್ಧ ಕೋಟಿ ಕೊಟ್ಟು ಕೊಂಡ ಯಂತ್ರ ತನಗೆ ಏನು ಬೇಕೆಂದು ಒಂದು ಸಾಲಿನಲ್ಲಿ ಬರೆದುಕೊಂಡು ಬಂದಿದೆ. ಯಜಮಾನರಿಗೆ ಅದನ್ನು ಓದುವಷ್ಟು ಪುರುಸೊತ್ತಿಲ್ಲ. ಇಂಥವರು ಒಬ್ಬಿಬ್ಬರಲ್ಲ. ಕಾರಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ಗೆಳೆಯರ ಬಳಗದಲ್ಲಿ ಹತ್ತರಲ್ಲಿ ಎಂಟು ಮಂದಿ ಹೀಗೇ ಇದ್ದಾರೆ. ನನಗೆ ಸಿಟ್ಟು ಬರುವುದು ಅವರು ಖರ್ಚು ಮಾಡುವ ದುಡ್ಡಿನ ಮೇಲಲ್ಲ, ತಿಳಿದುಕೊಳ್ಳುವ ಕೆಲಸವನ್ನು ಆ ದುಡ್ಡಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಅಭ್ಯಾಸದ ಮೇಲೆ.

ಮೊದಲು ಆಕ್ಟೇನ್ ಅಂದರೆ ಏನೆಂಬುದನ್ನು ನೆಟ್ಟಗೆ ಮಾಡಿಕೊಳ್ಳೋಣ. 1926ರಲ್ಲಿ ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಈ ಅಳತೆಗೋಲನ್ನು ರೂಪಿಸಿದ. ಎಷ್ಟು ಒತ್ತಿದರೂ ಸುಲಭಕ್ಕೆ ತಾನಾಗಿ ಹೊತ್ತಿಕೊಳ್ಳದ ಐಸೊ-ಆಕ್ಟೇನ್‌ಗೆ 100 ಎಂದು ಇಟ್ಟ. ಒತ್ತಿದ ಕೂಡಲೇ ಸಿಡಿಯುವ ಹೆಪ್ಟೇನ್‌ಗೆ ಸೊನ್ನೆ. ನಿಮ್ಮ ಪೆಟ್ರೋಲು ಈ ಎರಡರ ಯಾವ ಮಿಶ್ರಣದಂತೆ ನಡೆದುಕೊಳ್ಳುತ್ತದೆಯೋ ಅದೇ ಅದರ ಆಕ್ಟೇನ್ ಸಂಖ್ಯೆ. ಕಂಪ್ರೆಷನ್ ಏರಿಳಿಸಬಹುದಾದ ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಇಂದಿಗೂ ಇದನ್ನು ಅಳೆಯುತ್ತಾರೆ. ಅಂದರೆ ಆಕ್ಟೇನ್ ಎನ್ನುವುದು ಪೆಟ್ರೋಲಿನ ತಾಳ್ಮೆಯ ಅಳತೆ. ಪಿಸ್ಟನ್ ಮೇಲೇರಿ ಅಮುಕುವಾಗ, ಸ್ಪಾರ್ಕ್ ಪ್ಲಗ್ಗಿನ ಕಿಡಿ ಬಂದು ಜ್ವಾಲೆ ಹರಡುವ ತನಕ, ಮೂಲೆಯಲ್ಲಿ ಉಳಿದ ಗಾಳಿ-ಪೆಟ್ರೋಲು ಸುಮ್ಮನೆ ಕಾಯಬೇಕು. ಕಾಯಲಾರದೆ ತಾನೇ ಸಿಡಿದರೆ ಅದು ನಾಕಿಂಗ್. ಹಳೆಯ ಕಾರುಗಳಲ್ಲಿ ಏರು ಹತ್ತುವಾಗ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂತೆ ಕೇಳುತ್ತಿದ್ದ ಸದ್ದು ಅದೇ.

ತಾಳ್ಮೆ ಹೆಚ್ಚಿದ್ದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ. ಆಕ್ಟೇನ್ 100 ಇದ್ದ ಮಾತ್ರಕ್ಕೆ ಪೆಟ್ರೋಲಿನ ಒಂದು ಲೀಟರಿನಲ್ಲಿ ಹೆಚ್ಚಿನ ಕಾವು ಅಡಗಿ ಕೂತಿರುವುದಿಲ್ಲ. ಪಂಪಿನ ಮೇಲೆ ಪವರ್ ಎಂದೋ ಸ್ಪೀಡ್ ಎಂದೋ ಹೆಸರಿದ್ದರೆ ಅದು ಹೆಸರು ಮಾತ್ರ. ಹೆಚ್ಚು ಅಮುಕುವ ಎಂಜಿನ್ನಿಗೆ, ಟರ್ಬೊ ಕೂರಿಸಿದ ಎಂಜಿನ್ನಿಗೆ ಆ ತಾಳ್ಮೆ ಬೇಕು. ಬೇಡದ ಎಂಜಿನ್ನಿಗೆ ಹಾಕಿದರೆ ಅದು ಹಾಗೇ ಹೊಗೆಯಾಗಿ ಹೋಗುತ್ತದೆ.

ಹಾಗಾದರೆ ಸ್ಪೋರ್ಟ್ಸ್ ಕಾರಿಗೆ ಅದರಿಂದ ಲಾಭವೇ ಇಲ್ಲವೇ? ಇದೆ, ಕಾರು ಅದನ್ನು ಕೇಳಿದ್ದರೆ. ಪೋರ್ಷೆ 911ರ ಕೈಪಿಡಿ ನೋಡಿ. ಎಂಜಿನ್ ರೂಪಿಸಿದ್ದು 98ಕ್ಕೆ. 95 ಹಾಕಿದರೆ ನಾಕ್ ನಿಯಂತ್ರಣ ವ್ಯವಸ್ಥೆ ಕಿಡಿಯ ಸಮಯವನ್ನು ಹೊಂದಿಸಿಕೊಳ್ಳುತ್ತದೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ 98ಕ್ಕೆ ಅರ್ಥವಿದೆ. ಎಷ್ಟು ಅರ್ಥ? ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2017ರಲ್ಲಿ, ಪ್ರೀಮಿಯಂ 'ಒಳ್ಳೆಯದು, ಆದರೆ ಕಡ್ಡಾಯವಲ್ಲ' ಎನ್ನುವ ಕಾರುಗಳನ್ನೇ ಆರಿಸಿ ಪರೀಕ್ಷಿಸಿತು. ಸರಾಸರಿ ಸಿಕ್ಕಿದ್ದು ಮೈಲೇಜಿನಲ್ಲಿ ಶೇ 2.7, ಶಕ್ತಿಯಲ್ಲಿ ಶೇ 1.4. ಅಲ್ಲಿ ಎರಡು ಪೆಟ್ರೋಲುಗಳ ಬೆಲೆಯ ಅಂತರ ಶೇ 20ರಿಂದ 25. ಇನ್ನು ಪ್ರೀಮಿಯಂ ಕೇಳದೇ ಇರುವ ಕಾರುಗಳಿಗೆ ಅದನ್ನೇ ಹಾಕಿಸಿ ಅಮೆರಿಕನ್ನರು ವರ್ಷಕ್ಕೆ 210 ಕೋಟಿ ಡಾಲರ್ ಪೋಲು ಮಾಡುತ್ತಾರೆಂದು ಅದೇ ಸಂಘ 2016ರಲ್ಲೇ ಲೆಕ್ಕ ಹಾಕಿತ್ತು. ನಮ್ಮಲ್ಲಿ 100 ಆಕ್ಟೇನಿನ ಬೆಲೆಯ ಅಂತರ ಆ ಶೇ 25ಕ್ಕಿಂತ ದೊಡ್ಡದು. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ 100 ಆಕ್ಟೇನ್ ಪೆಟ್ರೋಲನ್ನು ತಂದಾಗ ಅದರ ಬೆಲೆ ಲೀಟರಿಗೆ 160 ರೂಪಾಯಿಯ ಆಸುಪಾಸು. ಆಗಿನ ಸಾಮಾನ್ಯ ಪೆಟ್ರೋಲಿನ ಎರಡು ಪಟ್ಟಿನ ಹತ್ತಿರ. ಐವತ್ತು ಲೀಟರಿನ ಟ್ಯಾಂಕು ತುಂಬಿಸಿದರೆ ನಾಲ್ಕು ಸಾವಿರದ ಹತ್ತಿರ ಹೆಚ್ಚಿಗೆ ಹೋಗುತ್ತಿತ್ತು.

ಇಲ್ಲೇ ಇನ್ನೊಂದು ಗೊಂದಲ. ಅಮೆರಿಕದಲ್ಲಿರುವ ತಮ್ಮನೋ ಭಾವನೋ ಫೋನಿನಲ್ಲಿ "ಇಲ್ಲಿ ನಾವು 91 ಹಾಕ್ತೀವಿ, ಪ್ರೀಮಿಯಮ್ಮು" ಅಂದಿರುತ್ತಾರೆ. ಅಲ್ಲಿಯ ಪಂಪಿನ ಮೇಲೆ ಬರೆಯುವುದು ಎರಡು ಬಗೆಯ ಅಳತೆಗಳ ಸರಾಸರಿ. ನಮ್ಮಲ್ಲಿ ಬಳಕೆಯಲ್ಲಿರುವುದು ಅವೆರಡರಲ್ಲಿ ದೊಡ್ಡದಾದ ಆರ್‌ಒಎನ್. ಅವರ 91 ಇಲ್ಲಿಯ 95ರ ಹತ್ತಿರ ಬರುತ್ತದೆ. ಇದು ಗೊತ್ತಿಲ್ಲದೆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ವಾದ ಮಾಡುವವರನ್ನು ಎಷ್ಟು ನೋಡಿದ್ದೇನೋ.

ಈಗ ಎರಡನೆಯ ಗುಂಪಿನವರ, ಅಂದರೆ ಯಾವ ಪೆಟ್ರೋಲಾದರೂ ಆದೀತು ಎನ್ನುವವರ ಕಡೆ ತಿರುಗುತ್ತೇನೆ. ಇವರ ಉದಾಸೀನ ಮೊದಲನೆಯವರದಕ್ಕಿಂತ ಅಪಾಯಕಾರಿ. "ಯಾವ್ದಾದ್ರೂ ಹಾಕು ಗುರು, ಇಸಿಯು ನೋಡ್ಕೊಳ್ಳುತ್ತೆ." ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನೋಡಿಕೊಳ್ಳುವುದು ನಿಜ. ಎಂಜಿನ್ ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಸಿಡಿತದ ಕಂಪನವನ್ನು ಹಿಡಿದು ಹೇಳುತ್ತದೆ, ಇಸಿಯು ಕಿಡಿಯನ್ನು ಸ್ವಲ್ಪ ತಡ ಮಾಡುತ್ತದೆ. ಆದರೆ ಗಮನಿಸಿ: ಸಿಡಿತ ಆದ ಮೇಲೆ ತಾನೇ ಅದು ಹಿಡಿಯುವುದು? ಅದು ಬಿದ್ದಾಗ ಹಿಡಿಯಲು ಇಟ್ಟ ಕೈ. ದಿನವೂ ಅದರ ಮೇಲೇ ಒರಗಿ ನಿಂತರೆ ಹೇಗೆ?

ನನ್ನ ಸ್ನೇಹಿತರೊಬ್ಬರು ತಮ್ಮ ಟರ್ಬೊ ಕಾರಿಗೆ ಸ್ಟೇಜ್ 1 ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಲೆಂದು ಇಸಿಯುವಿನ ಲೆಕ್ಕ ಬದಲಿಸುವ ಕೆಲಸ, ಮಾಡಿಸಿದ್ದರು. ರೀಮ್ಯಾಪ್ ಮಾಡಿದ ಹುಡುಗ ಮೊದಲೇ ಹೇಳಿದ್ದ, ಇದು ಹೆಚ್ಚಿನ ಆಕ್ಟೇನಿಗೆ ಬರೆದ ಫೈಲು, ಬೇರೆ ಹಾಕಿದರೆ ಆಕ್ಸಿಲರೇಟರ್ ಒತ್ತಬೇಡಿ ಅಂತ. ಅಂದರೆ ಕಾರು ತಯಾರಿಸಿದವರು ಬಿಟ್ಟಿದ್ದ ಸುರಕ್ಷತೆಯ ಅಂತರವನ್ನು ಆಗಲೇ ತೆಗೆದು ತಿಂದಾಗಿತ್ತು. ಬೆಂಗಳೂರಿನಲ್ಲಿ ಇದ್ದಷ್ಟು ದಿನ ಏನೂ ಆಗಲಿಲ್ಲ. ಅದಕ್ಕೂ ಕಾರಣವಿದೆ: ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹವೆ ತಂಪು, ಟ್ರಾಫಿಕ್ಕಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಲು ಜಾಗವೇ ಇಲ್ಲ. ಇದನ್ನು ಅವರು ತಮ್ಮ ಕಾರಿನ ಗಟ್ಟಿತನ ಎಂದುಕೊಂಡರು. ಏಪ್ರಿಲಿನಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೊರಟರು. ಕೃಷ್ಣಗಿರಿ ದಾಟಿ ಬಯಲಿಗೆ ಇಳಿದ ಮೇಲೆ ಗಾಳಿ ದಪ್ಪವಾಗುತ್ತದೆ, ಬಿಸಿ ಏರುತ್ತದೆ. ವೆಲ್ಲೂರಿನ ಆಚೆ ಸಿಕ್ಕ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲನ್ನೇ ತುಂಬಿಸಿದರು. ನಾಲ್ಕನೆಯ ಸುತ್ತಿಗೆ ಹಿಂದಿನಿಂದ ನೀಲಿ ಹೊಗೆ.

ವಿಲ್ಸನ್ ಗಾರ್ಡನ್ನಿನ ಗ್ಯಾರೇಜಿನಲ್ಲಿ ಕಂಪ್ರೆಷನ್ ಟೆಸ್ಟ್ ಮಾಡಿದಾಗ ನಾನೂ ಇದ್ದೆ. ಮೂರು ಸಿಲಿಂಡರುಗಳಲ್ಲಿ ಗೇಜಿನ ಮುಳ್ಳು ಹನ್ನೆರಡರ ಹತ್ತಿರ ನಿಂತಿತು. ಎರಡನೆಯದರಲ್ಲಿ ಐದನ್ನೂ ಮುಟ್ಟಲಿಲ್ಲ. ವಾರದ ನಂತರ ಪಿಸ್ಟನ್ ಹೊರಗೆ ಬಂತು. ಅಂಗೈಯಲ್ಲಿ ಹಿಡಿದು ನೋಡಿದೆ. ಮೇಲ್ಮೈ ಅಂಚಿನಲ್ಲಿ ಗೆದ್ದಲು ತಿಂದ ಮರದ ಹಾಗೆ ಸಣ್ಣ ಸಣ್ಣ ಗುಳಿ. ಮೊದಲನೆಯ ಮತ್ತು ಎರಡನೆಯ ರಿಂಗಿನ ನಡುವಿನ ದಂಡೆ ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ ಮುರಿದು ಹೋಗಿತ್ತು. ಮುರಿದ ತುಂಡು ಸಿಲಿಂಡರಿನ ಗೋಡೆಯ ಮೇಲೆ ಮೇಲಿಂದ ಕೆಳಗಿನವರೆಗೆ ಗೆರೆ ಎಳೆದಿತ್ತು. ಮೆಕ್ಯಾನಿಕ್ ಒಂದೂ ಮಾತಾಡದೆ ಆ ಗೆರೆಯ ಮೇಲೆ ಉಗುರು ಎಳೆದು ತೋರಿಸಿದರು. ಉಗುರು ಸಿಕ್ಕಿಕೊಂಡಿತು. ರಿಪೇರಿಯ ಬಿಲ್ಲು ಆರು ಲಕ್ಷ ದಾಟಿತು.

ಅವತ್ತು ಆ ಸ್ನೇಹಿತರು ಹೇಳಿದ ಮಾತು "ಪೆಟ್ರೋಲ್ ಸರಿ ಇರ್ಲಿಲ್ಲ ಅನ್ಸುತ್ತೆ" ಎಂದು. ಪೆಟ್ರೋಲು ಸರಿಯಾಗಿಯೇ ಇತ್ತು. ಆ ಕಾರಿಗೆ ಅದು ಸಾಲದು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಿದರು. ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಎಥನಾಲಿನ ಮಾತನ್ನೂ ಆಡಲೇಬೇಕು, ಯಾಕೆಂದರೆ ಸೋಮಾರಿತನ ಈಗ ಅಲ್ಲಿಗೆ ವಾಸ ಬದಲಿಸಿದೆ. 2023ರ ಫೆಬ್ರವರಿ 6ರಂದು ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲಿನ ಆಕ್ಟೇನ್ 108ರ ಆಸುಪಾಸು. ಹಾಗಾಗಿ ಐದನೇ ಒಂದು ಭಾಗ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಭಾರತೀಯ ಮಾನಕ ನಿಗದಿ ಮಾಡಿರುವ ಕನಿಷ್ಠ ಆಕ್ಟೇನೇ 95. 91 ಕೇಳುವ ಕಾರಿಗೆ ಪ್ರೀಮಿಯಂ ಹಾಕಿಸುತ್ತಿದ್ದವರಿಗೆ ಇದ್ದ ಕೊನೆಯ ನೆಪವೂ ಇದರಿಂದ ಹೋಯಿತು. ಇನ್ನೊಂದು ಕಡೆ, ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಕಾವು ಕಡಿಮೆ, ಆದ್ದರಿಂದ ಇ20ರಲ್ಲಿ ಲೀಟರಿಗೆ ಶೇ ಆರೇಳರಷ್ಟು ಶಕ್ತಿ ಕಡಿಮೆ. ಜೊತೆಗೆ ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ಹತ್ತು ವರ್ಷ ಹಿಂದಿನ ಎಷ್ಟೋ ಕಾರುಗಳ ರಬ್ಬರ್ ಪೈಪು, ಸೀಲುಗಳನ್ನು ಅಷ್ಟು ಎಥನಾಲಿಗೆಂದು ಮಾಡಿದ್ದಲ್ಲ. ಎಥನಾಲ್ ಬೇಡವೆಂದು, ಅದನ್ನು ಬೆರೆಸದ 100 ಆಕ್ಟೇನನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆ. ಕೈಪಿಡಿ ಓದಿ, ತಮ್ಮ ಕಾರಿಗೆ ಇ10 ಮಿತಿ ಎಂದು ತಿಳಿದು, ಲೆಕ್ಕ ಹಾಕಿ ಅವರು ಕೊಡುವ ದುಡ್ಡಿಗೆ ನನ್ನ ತಕರಾರಿಲ್ಲ. ಹಳದಿ ಕಾರಿನವರು ಆ ಕಾರಣ ಹೇಳಿದ್ದರೆ ನಾನು ಕೈಮುಗಿದು ಸುಮ್ಮನಾಗುತ್ತಿದ್ದೆ.

ಆದರೆ ಕಣ್ಣುಮುಚ್ಚಿ ದುಬಾರಿ ಪೆಟ್ರೋಲು ಹಾಕಿಸುವ ಜನ ಸ್ಪೋರ್ಟ್ಸ್ ಕಾರನ್ನು ಬೇಸ್‌ಮೆಂಟಿನಲ್ಲಿ ಹೊದಿಕೆ ಹೊದಿಸಿ ಮೂರು ತಿಂಗಳು ನಿಲ್ಲಿಸುತ್ತಾರೆ. ಪೆಟ್ರೋಲಿನ ಹಗುರ ಅಂಶಗಳು ಅಷ್ಟರಲ್ಲಿ ಹಾರಿ ಹೋಗಿರುತ್ತವೆ. ಹಳೆಯ ಪೆಟ್ರೋಲಿಗೆ ಅಂಗಡಿಯಿಂದ ತಂದ ಆಕ್ಟೇನ್ ಬೂಸ್ಟರಿನ ಬಾಟಲಿ ಸುರಿದು ಎಲ್ಲ ಸರಿಹೋಯಿತು ಎನ್ನುತ್ತಾರೆ. ನಳಿಕೆ ತಾನಾಗಿ ನಿಂತ ಮೇಲೂ "ಇನ್ನೂ ಸ್ವಲ್ಪ ಹಾಕು" ಎಂದು ಕುತ್ತಿಗೆಯವರೆಗೆ ತುಂಬಿಸುತ್ತಾರೆ. ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ ಅದರಿಂದ ಒದ್ದೆಯಾಗಿ ಕೆಡುತ್ತದೆ. ಸರ್ವಿಸ್ ತಡವಾದರೆ, ಸ್ಪಾರ್ಕ್ ಪ್ಲಗ್ಗಿನ ಅವಧಿ ಮುಗಿದರೆ "ಪೆಟ್ರೋಲ್ ಒಳ್ಳೇದು ಹಾಕ್ತೀನಲ್ಲ" ಎನ್ನುವುದು ಉತ್ತರ.

ಅವತ್ತು ಬಂಕಿನಲ್ಲಿ, ಮೀಟರು ಓಡುತ್ತಿದ್ದಾಗ, ನಾನು ಆ ಹಳದಿ ಕಾರಿನ ಹಿಂದಿನ ಚಕ್ರದ ಹತ್ತಿರ ಬಗ್ಗಿದೆ. ಟೈರಿನ ಪಕ್ಕದ ಗೋಡೆಯ ಮೇಲೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 1917. ಅಂದರೆ 2017ರ ಹತ್ತೊಂಬತ್ತನೆಯ ವಾರದಲ್ಲಿ ತಯಾರಾದ ಟೈರು. ಎಳೆಗಳ ನಡುವೆ ಕೂದಲಿನಷ್ಟು ತೆಳ್ಳನೆ ಬಿರುಕು, ಬೆರಳಿಗೆ ರಬ್ಬರ್ ಒಣಗಿದ ಹಲಗೆಯಂತೆ ಹತ್ತಿತು. ಅದನ್ನೂ ಅವರಿಗೆ ತೋರಿಸಿದೆ. "ಥ್ರೆಡ್ ಇನ್ನೂ ಇದೆಯಲ್ಲ ಸಾರ್" ಅಂದರು. ಹುಡುಗ ನಳಿಕೆ ತೆಗೆದ. ಮೀಟರಿನಲ್ಲಿ ಏಳು ಸಾವಿರದ ಚಿಲ್ಲರೆ. ಗಾಳಿ ನೋಡಲಾ ಎಂದು ಹುಡುಗ ಕೇಳಿದ, ಅವರು ಬೇಡವೆಂದು ಕೈ ಆಡಿಸಿದರು. ಮುಚ್ಚಳವನ್ನು ಅವನೇ ಮುಚ್ಚಿದ. ಕಾರು ಸದ್ದು ಮಾಡುತ್ತಾ ಬಳ್ಳಾರಿ ರಸ್ತೆಗೆ ಸೇರಿಕೊಂಡಿತು. ರಸ್ತೆ ರಾತ್ರಿಯ ಮಳೆಗೆ ಇನ್ನೂ ಒದ್ದೆಯಾಗಿತ್ತು.