ರೋಗನಿರೋಧಕ ಶಕ್ತಿ ಬಾಟಲಿಯಲ್ಲಿಲ್ಲ, ಬಟ್ಟಲಿನಲ್ಲಿದೆ

2020ರಲ್ಲಿ ಕೊರೋನಾ ನಮ್ಮ ಬಾಗಿಲಿಗೆ ಬಂದಾಗ ಅದರ ಬೆನ್ನ ಹಿಂದೆಯೇ ಒಂದು ಹೊಸ ವ್ಯಾಪಾರವೂ ಬಂತು. ಹಣ್ಣಿನ ರಸದ ಬಾಟಲಿಯ ಮೇಲೆ, ಪುಡಿಯ ಡಬ್ಬಿಯ ಮೇಲೆ, ಕೊನೆಗೆ ಬಿಸ್ಕತ್ತಿನ ಪೊಟ್ಟಣದ ಮೇಲೂ ‘ಇಮ್ಯುನಿಟಿ’ ಎಂಬ ಪದ ಅಚ್ಚಾಯಿತು. ಭಯ ಇದ್ದಲ್ಲಿ ವ್ಯಾಪಾರ ಇರುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. ಆದರೆ ಸಾಂಕ್ರಾಮಿಕದ ಭೀತಿ ತಣಿದ ಬಳಿಕವೂ ಆ ಪದ ಅಂಗಡಿಯ ಕಪಾಟುಗಳಿಂದ ಇಳಿದಿಲ್ಲ. ಮಗುವಿಗೆ ಬೆಳಗ್ಗೆ ಮೈದಾದ ಬನ್ನು, ಸಂಜೆ ಪೊಟ್ಟಣದ ಕುರುಕಲು ಕೊಟ್ಟು, ರಾತ್ರಿ ‘ಶಕ್ತಿವರ್ಧಕ’ ಪುಡಿಯನ್ನು ಹಾಲಿಗೆ ಬೆರೆಸುವ ಹೆತ್ತವರು ನಮ್ಮ ನಡುವೆ ಕಡಿಮೆಯೇನಿಲ್ಲ. ಅಷ್ಟಕ್ಕೂ, ರೋಗನಿರೋಧಕ ಶಕ್ತಿ ಎಂಬುದು ದುಡ್ಡು ಕೊಟ್ಟು ಮನೆಗೆ ತರಬಹುದಾದ ಸರಕೇ?

ಈ ಪ್ರಶ್ನೆಗೆ ಜಾರ್ಖಂಡಿನ ಬಡ ಮನೆಗಳಿಂದ ಒಂದು ಉತ್ತರ ಬಂದಿದೆ. ಅದರ ಹಿಂದೆ ಇರುವವರು ನಮ್ಮ ಮಂಗಳೂರಿನವರೇ. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡವು 2019ರಿಂದ 2022ರವರೆಗೆ ಆ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳನ್ನು ಮತ್ತು ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಒಳಗೊಂಡ ಅಧ್ಯಯನವನ್ನು ನಡೆಸಿತು. ಎಲ್ಲ ರೋಗಿಗಳಿಗೂ ಔಷಧದ ಜೊತೆಗೆ ಆಹಾರ ಸಾಮಗ್ರಿ ನೀಡಲಾಯಿತು. ಅರ್ಧದಷ್ಟು ಭಾಗದಲ್ಲಿ ಮಾತ್ರ ಮನೆಯ ಇತರ ಸದಸ್ಯರಿಗೂ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ವಿಟಮಿನ್ ಮಾತ್ರೆಗಳನ್ನು ಕೊಡಲಾಯಿತು. 2023ರ ಆಗಸ್ಟ್‌ನಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕದ ಗಮನ ಸೆಳೆಯಿತು. ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯಕ್ಕೆ ತುತ್ತಾದವರ ಪ್ರಮಾಣ ಸುಮಾರು ಶೇ. 40ರಷ್ಟು ಕಡಿಮೆಯಿತ್ತು. ಒಬ್ಬರಿಂದ ಒಬ್ಬರಿಗೆ ಹರಡುವ ಬಗೆಯ ಕ್ಷಯವಂತೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಅಕ್ಕಿ ಮತ್ತು ಬೇಳೆ! ಇದರಲ್ಲಿ ಯಾವ ಪವಾಡ ಅಡಗಿದೆ? ನಿಜವಾಗಿ ಪವಾಡ ಏನೂ ಇಲ್ಲ. ಕ್ಷಯದ ರೋಗಾಣು ದೇಹವನ್ನು ಹೊಕ್ಕ ಮಾತ್ರಕ್ಕೆ ಮನುಷ್ಯ ರೋಗಿಯಾಗುವುದಿಲ್ಲ. ಸೋಂಕು ತಗುಲಿದವರಲ್ಲಿ ಬಹುಪಾಲು ಮಂದಿ ಬದುಕಿಡೀ ಆರೋಗ್ಯವಾಗಿಯೇ ಇರುತ್ತಾರೆ. ಅವರ ದೇಹ ಆ ರೋಗಾಣುವನ್ನು ಹಿಡಿದಿಟ್ಟಿರುತ್ತದೆ. ಹೀಗೆ ಕಾವಲು ಕಾಯುವ ಕೋಶಗಳು, ಪ್ರತಿಕಾಯಗಳು ನಿರ್ಮಾಣವಾಗುವುದು ನಾವು ದಿನವೂ ಉಣ್ಣುವ ಅನ್ನ, ಬೇಳೆ, ಮೀನು, ಮೊಟ್ಟೆಗಳಿಂದ. ಹೊಟ್ಟೆ ಬರಿದಾದಾಗ ಕಾವಲೂ ಸಡಿಲಾಗುತ್ತದೆ. ಜಗತ್ತಿನಲ್ಲಿ ರೋಗನಿರೋಧಕ ಶಕ್ತಿ ಕುಂದುವುದಕ್ಕೆ ಅತಿ ದೊಡ್ಡ ಕಾರಣ ಅಪೌಷ್ಟಿಕತೆಯೇ ಎಂದು ವೈದ್ಯರು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ.

ಇದು ಹಸಿವಿನ ಮಾತಾಯಿತು. ಆದರೆ ಹೊಟ್ಟೆ ತುಂಬಿದ್ದರೂ ಕಾವಲು ದಾರಿ ತಪ್ಪಬಹುದು. ಗಾಯವಾದಲ್ಲಿ ಕೆಂಪಗಾಗಿ ಊದಿಕೊಳ್ಳುವುದನ್ನು ಉರಿಯೂತ ಎನ್ನುತ್ತೇವೆ. ಅದು ದೇಹದ ರಕ್ಷಣಾ ಕ್ರಮ. ಕೆಲಸ ಮುಗಿದೊಡನೆ ಅದು ಶಮನವಾಗಬೇಕು. ಶಮನವಾಗದೆ, ಹೊರಗೆ ಕಾಣಿಸಿಕೊಳ್ಳದೆ, ವರ್ಷಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಉಳಿದರೆ ಮಧುಮೇಹ, ಹೃದ್ರೋಗಗಳಿಗೆ ಅದು ನೆಲ ಹದ ಮಾಡಿಕೊಡುತ್ತದೆ. ಈ ಕೆಂಡಕ್ಕೂ ನಮ್ಮ ಕರುಳಿಗೂ ನಂಟಿದೆ.

ದೇಹದ ರೋಗನಿರೋಧಕ ಕೋಶಗಳ ಬಹುದೊಡ್ಡ ಪಾಲು ಇರುವುದು ಕರುಳಿನ ಸುತ್ತಮುತ್ತ. ದೊಡ್ಡ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನೆಲೆಸಿವೆ. ನಮ್ಮಿಂದ ಜೀರ್ಣಿಸಲಾಗದ ನಾರಿನಂಶವೇ ಅವುಗಳ ಊಟ. ಸೊಪ್ಪು, ಕಾಳು, ಸಿಪ್ಪೆಯಿರುವ ಧಾನ್ಯಗಳ ನಾರನ್ನು ಹುದುಗಿಸಿ ಅವು ಬ್ಯುಟಿರೇಟ್‌ನಂತಹ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರ ಬದುಕುವುದು, ಉರಿಯೂತ ಹತೋಟಿಯಲ್ಲಿರುವುದು ಬಹುಮಟ್ಟಿಗೆ ಇವುಗಳಿಂದಲೇ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಗಮನಿಸಿ. 20 ಮಂದಿ ಆಫ್ರಿಕನ್ ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕಾದ ಹಳ್ಳಿಯ ನಾರುಭರಿತ ಊಟವನ್ನೂ, ಆ ಹಳ್ಳಿಯ 20 ಮಂದಿಗೆ ಅಮೆರಿಕದ ಕೊಬ್ಬುಭರಿತ ಊಟವನ್ನೂ ನೀಡಲಾಯಿತು. ಎರಡೇ ವಾರಗಳಲ್ಲಿ ಮೊದಲ ಗುಂಪಿನ ಕರುಳಿನ ಉರಿಯೂತ ತಗ್ಗಿತು, ಎರಡನೆಯ ಗುಂಪಿನದು ಏರಿತು. ತಟ್ಟೆ ಬದಲಾದರೆ ಒಳಗಿನ ಲೋಕವೂ ಬದಲಾಗುತ್ತದೆ, ಅದೂ ಇಷ್ಟು ಬೇಗ.

ನಮ್ಮ ಕರಾವಳಿಯ ತಟ್ಟೆಯಲ್ಲಿ ಏನಿತ್ತು? ಕುಚ್ಚಲಕ್ಕಿಯ ಗಂಜಿ, ಹುರುಳಿ ಸಾರು, ಬಸಳೆ, ನುಗ್ಗೆಸೊಪ್ಪು, ಒಳ್ಳೆಯ ಕೊಬ್ಬಿನಂಶವಿರುವ ಬೂತಾಯಿ ಮತ್ತು ಬಂಗುಡೆ, ಊಟದ ಕೊನೆಗೆ ಮಜ್ಜಿಗೆ. ಘಟ್ಟದ ಮೇಲೆ ರಾಗಿ ಮುದ್ದೆ, ಉತ್ತರದಲ್ಲಿ ಜೋಳದ ರೊಟ್ಟಿ. ಹಾಗಂತ ಹಳೆಯದೆಲ್ಲವೂ ಹೊನ್ನು ಎಂದು ನಾವು ಹೇಳುತ್ತಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಹಸಿವೂ ಇತ್ತು, ಅತಿಯಾದ ಉಪ್ಪೂ ಇತ್ತು. ಆದರೆ ಅವರ ಬಡತನದ ತಟ್ಟೆಯಲ್ಲಿದ್ದ ನಾರು, ಸೊಪ್ಪು, ಕಾಳುಗಳು ನಮ್ಮ ಅನುಕೂಲದ ತಟ್ಟೆಯಿಂದ ಕಾಣೆಯಾದದ್ದು ಹೇಗೆ? ಇಂದು ಪಾಲಿಶ್ ಮಾಡಿದ ಬಿಳಿ ಅಕ್ಕಿಯೇ ಅಂತಸ್ತಿನ ಗುರುತು. ಅತಿಥಿಗೆ ಬೇಕರಿಯ ತಿಂಡಿ ಇಡದಿದ್ದರೆ ಮರ್ಯಾದೆ ಹೋಯಿತೆಂಬ ಭಾವನೆ. ಮದುವೆಯ ಊಟದಲ್ಲಿ ಮಾಂಸದ ಬಗೆಗಳನ್ನು ಎಣಿಸುತ್ತೇವೆ, ತರಕಾರಿಯನ್ನು ಹುಡುಕಬೇಕಾಗುತ್ತದೆ.

ಕಾರ್ಖಾನೆಯ ಸಿದ್ಧ ತಿನಿಸುಗಳದ್ದು ಇನ್ನೊಂದು ಕತೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದಕ್ಕಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಮಂದಿಗೆ ಎರಡು ವಾರ ಸಿದ್ಧ ತಿನಿಸುಗಳನ್ನೂ, ಎರಡು ವಾರ ಸಾದಾ ಅಡುಗೆಯನ್ನೂ ಬೇಕಾದಷ್ಟು ತಿನ್ನಲು ಕೊಟ್ಟು ನೋಡಲಾಯಿತು. ಸಿದ್ಧ ತಿನಿಸು ಸಿಕ್ಕಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕವೂ ಏರಿತು. ತಿನ್ನುವವನ ನಾಲಿಗೆಯ ಚಪಲವನ್ನಷ್ಟೇ ದೂರಿ ಪ್ರಯೋಜನವಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಚಿಲಿ ದೇಶವು 2016ರಲ್ಲೇ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲಿ ಕಪ್ಪು ಎಚ್ಚರಿಕೆಯ ಮುದ್ರೆಯನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ? 2022ರಲ್ಲಿ ಎಚ್ಚರಿಕೆಯ ಬದಲು ‘ನಕ್ಷತ್ರ’ ನೀಡುವ ಕರಡು ಬಂತು. 2025ರ ಏಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟ್ ಮೂರು ತಿಂಗಳೊಳಗೆ ತೀರ್ಮಾನಕ್ಕೆ ಬರುವಂತೆ ಸೂಚಿಸಿತು. ಆ ಗಡುವೂ ಸಾಲದೆ ವಿಸ್ತರಣೆ ಕೇಳಲಾಯಿತು. ತನ್ನ ಮಗು ಏನು ತಿನ್ನುತ್ತಿದೆ ಎಂಬುದನ್ನು ತಿಳಿಯುವ ಹಕ್ಕು ತಾಯಿಗಿಂತ ಕಂಪೆನಿಯ ಅನುಕೂಲಕ್ಕೆ ಅಧೀನವೇ?

ಇಲ್ಲಿಯೇ ಆಹಾರವು ಮನೆಯ ಸಂಗತಿಯಾಗಿ ಉಳಿಯದೆ ರಾಜಕೀಯದ ಸಂಗತಿಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿಯ ಬೆಳವಣಿಗೆ ಕುಂಠಿತವಾಗಿದೆ. ಅಂತಹ ಮನೆಗೆ ಹೋಗಿ ‘ಸೊಪ್ಪು, ಹಣ್ಣು, ಮೀನು ತಿನ್ನಿ’ ಎಂದು ಉಪದೇಶ ಮಾಡುವುದು ಸುಲಭ. ಶಾಲೆಯಲ್ಲಿ ಮೊಟ್ಟೆ ಕೊಡಲು ಹೊರಟಾಗ ಅದನ್ನು ಪೌಷ್ಟಿಕತೆಯ ಪ್ರಶ್ನೆಯಾಗಿ ನೋಡದೆ ವಿವಾದ ಎಬ್ಬಿಸಿದ್ದನ್ನು ನಾವು ಮರೆತಿಲ್ಲ. ಕೊನೆಗೂ 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ನೀಡುವ ತೀರ್ಮಾನ ಬಂದದ್ದು ಸ್ವಾಗತಾರ್ಹ. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲಿಗೆ ಬೇಳೆ, ಎಣ್ಣೆ ಮುಂತಾದವುಗಳ ಕಿಟ್ ನೀಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ನಿರ್ಧರಿಸಿದ್ದೂ ಸರಿಯಾದ ದಿಕ್ಕಿನ ಹೆಜ್ಜೆ. ಬರಿಯ ಅಕ್ಕಿಯಿಂದ ಹೊಟ್ಟೆ ತುಂಬಬಹುದು, ಕಾವಲು ಬಲಗೊಳ್ಳುವುದಕ್ಕೆ ಬೇಳೆಯೂ ಬೇಕು.

ಆದರೆ ಕ್ಷಯರೋಗಿಯ ಮನೆಯ ಇತರರ ಪಾಡೇನು? ರೋಗಿಗೆ ಸಿಗುವ ಪೋಷಣಾ ಭತ್ಯೆಯನ್ನು ಕೇಂದ್ರ ಸರಕಾರವು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000ಕ್ಕೆ ಏರಿಸಿತು. ಅದೇ ಮನೆಯ ಹೆಂಡತಿ ಮಕ್ಕಳ ಆಹಾರದ ಹೊಣೆಯನ್ನು ಮಾತ್ರ ‘ನಿಕ್ಷಯ್ ಮಿತ್ರ’ ಎಂಬ ದಾನಿಗಳ ಹೆಗಲಿಗೆ ಹಾಕಿತು. ದಾನ ಒಳ್ಳೆಯದೇ. ಉಳ್ಳವರು ಮುಂದೆ ಬರಲೇಬೇಕು. ಆದರೆ ರೋಗ ತಡೆಯುತ್ತದೆಂದು ಸಾಬೀತಾದ ಆಹಾರವು ಲಸಿಕೆಗೆ ಸಮಾನ. ಲಸಿಕೆಯನ್ನು ನಾವು ದಾನಿಗಳ ಮರ್ಜಿಗೆ ಬಿಡುತ್ತೇವೆಯೇ? 2025ರೊಳಗೆ ಕ್ಷಯಮುಕ್ತ ಭಾರತ ಎಂಬ ಘೋಷಣೆಯ ಗಡುವು ದಾಟಿ ಹೋಗಿದೆ. ಘೋಷಣೆಯನ್ನು ನವೀಕರಿಸುವ ಮೊದಲು ಸರಕಾರ ಈ ಪಡಿಚೀಲವನ್ನು ಹಕ್ಕಾಗಿಸಲಿ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಊಟ ಔಷಧಕ್ಕೆ ಬದಲಿಯಲ್ಲ. ಜಾರ್ಖಂಡಿನ ರೋಗಿಗಳು ಮಾತ್ರೆಯನ್ನೂ ನುಂಗಿದರು, ಅನ್ನವನ್ನೂ ಉಂಡರು. ಅರಸಿನದ ಹಾಲನ್ನು ನಂಬಿ ಇನ್ಸುಲಿನ್ ಬಿಡುವುದು, ಕಷಾಯವನ್ನು ನಂಬಿ ಲಸಿಕೆ ತಪ್ಪಿಸುವುದು ಆತ್ಮಘಾತ. ಬಾಟಲಿಯನ್ನು ಮಾರುವವರೂ, ಮನೆಮದ್ದಿನಿಂದಲೇ ಎಲ್ಲ ಗುಣವೆನ್ನುವವರೂ ನಮ್ಮ ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡವರು.

ಆದುದರಿಂದ ಬದಲಾವಣೆ ಎರಡು ಕಡೆಯಿಂದ ಆಗಬೇಕು. ಕೈಲಾದವರು ನಾಳೆಯಿಂದಲೇ ತಟ್ಟೆಯನ್ನು ಸರಿಪಡಿಸಿಕೊಳ್ಳಲಿ. ಬನ್ನಿನ ಜಾಗಕ್ಕೆ ಹೆಸರುಕಾಳು ಬರಲಿ, ಬಣ್ಣದ ಪಾನೀಯದ ಜಾಗಕ್ಕೆ ಮಜ್ಜಿಗೆ ಬರಲಿ. ಅದಕ್ಕೆ ಖರ್ಚು ಹೆಚ್ಚಲ್ಲ, ಮನಸ್ಸು ಬೇಕು. ಕೈಲಾಗದವರ ತಟ್ಟೆಯ ಕುರಿತು ಮಾತ್ರ ನಾವೆಲ್ಲರೂ ಆಳುವವರನ್ನು ಪ್ರಶ್ನಿಸಬೇಕು. ಐದು ಕಿಲೋ ಅಕ್ಕಿ ಮತ್ತು ಒಂದೂವರೆ ಕಿಲೋ ಬೇಳೆ ಒಂದು ಮನೆಯ ಮಗುವನ್ನು ಕ್ಷಯದಿಂದ ಉಳಿಸಬಲ್ಲದೆಂದು ತಿಳಿದ ಮೇಲೂ ಅದನ್ನು ಕೊಡದಿದ್ದರೆ, ಆ ಮಗುವಿನ ಕೆಮ್ಮಿಗೆ ರೋಗಾಣುವನ್ನು ಮಾತ್ರ ಹೊಣೆ ಮಾಡಲಾದೀತೇ?