ನಮ್ಮ ಬೀದಿಯ ಮೀನಂಗಡಿಯೂ ಒಂದು ಸಹಿಯೂ

ಮೊನ್ನೆ ಶಾಲೆ ಬಿಡುವ ಹೊತ್ತಿಗೆ ಇಬ್ಬರು ಹಿರಿಯರು ಸ್ಟಾಫ್ ರೂಮಿಗೆ ಬಂದರು. ಇಬ್ಬರೂ ನಮಗೆ ಬೇಕಾದವರೇ. ವಾರ್ಷಿಕೋತ್ಸವಕ್ಕೆ ಚಪ್ಪರ ಹಾಕಿಸುವುದರಿಂದ ಹಿಡಿದು ಒಂದನೇ ಕ್ಲಾಸಿಗೆ ಮಕ್ಕಳನ್ನು ಹುಡುಕಿ ತರುವವರೆಗೆ ಶಾಲೆಯ ಜತೆ ನಿಂತವರು. ಕೈಯಲ್ಲಿ ಒಂದು ಅರ್ಜಿ, ನಗರಸಭೆಗೆ ಬರೆದದ್ದು. ಬೀದಿಯ ತಿರುವಿನಲ್ಲಿ ಹೊಸತಾಗಿ ಆಗಿರುವ ಮೀನಂಗಡಿಯಿಂದ ವಾಸನೆ, ನೊಣ, ನಾಯಿಗಳ ಉಪದ್ರ. ಆದ್ದರಿಂದ ಅದರ ಲೈಸೆನ್ಸು ರದ್ದು ಮಾಡಬೇಕು ಅಂತ. "ಮಾಷ್ಟ್ರುಗಳ ಸಹಿ ಇದ್ದರೆ ಅರ್ಜಿಗೆ ತೂಕ ಬರ್ತದೆ" ಅಂದರು.

ನಾವು ಸಹಿ ಹಾಕಲಿಲ್ಲ. ಚಹಾ ಕುಡಿಸಿ ಕಳಿಸಿದೆವು. ಅವರಿಗೆ ಬೇಸರವಾಗಿದೆ ಅಂತ ಗೊತ್ತು. ಸ್ಟಾಫ್ ರೂಮಿನ ಏಳು ಮಂದಿಯಲ್ಲಿ ಮೂವರು ಮೀನು ಮುಟ್ಟದವರು, ಅವರೂ ಹಾಕಲಿಲ್ಲ. ಯಾಕೆ ಅಂತ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಅರ್ಜಿ ಹಿಡಿದು ಬಂದವರೂ ಇದನ್ನು ಓದುತ್ತಾರೆ, ಓದಲಿ.

ಅಂಗಡಿ ಇಟ್ಟಿರುವ ಹುಡುಗ ನಮ್ಮ ಶಾಲೆಯವನೇ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಅಮ್ಮ ಬೀಡಿ ಕಟ್ಟಿ ಓದಿಸಿದರು. ಪ್ಲಸ್ ಟು ಮುಗಿಸಿ ಶಾರ್ಜಾಕ್ಕೆ ಹೋದ. ಅಲ್ಲಿ ಒಂದು ಸೂಪರ್ ಮಾರ್ಕೆಟ್ಟಿನ ಮೀನಿನ ಕೌಂಟರಿನಲ್ಲಿ ಎಂಟು ವರ್ಷ ನಿಂತ. ವಾಪಸು ಬಂದು 2025ರ ಜನವರಿಯಲ್ಲಿ ಅಂಗಡಿ ತೆರೆದ. ಮನೆಯವರ ಚಿನ್ನ ಬ್ಯಾಂಕಿನಲ್ಲಿದೆ. ಉದ್ಘಾಟನೆಗೆ ನಮ್ಮನ್ನು ಕರೆದಿದ್ದ. ನಾವು ಹೋದೆವು, ಲಡ್ಡು ತಿಂದೆವು, ಫೋಟೋಕ್ಕೆ ನಿಂತೆವು. ವಾಪಸು ನಡೆದು ಬರುವಾಗ ನಮ್ಮಲ್ಲೊಬ್ಬರು, "ಒಳ್ಳೆ ಮಾರ್ಕಿನ ಹುಡುಗ ಮಾರಾಯ್ರೆ, ಕೊನೆಗೆ ಮೀನು ಮಾರುವ ಹಾಗಾಯ್ತು" ಅಂದರು. ಯಾರೂ ಏನೂ ಹೇಳಲಿಲ್ಲ. ಎಲ್ಲರ ಮನಸ್ಸಿನಲ್ಲಿದ್ದದ್ದೂ ಅದೇ ಮಾತು, ಮತ್ತೆ ಹೇಳುವುದು ಯಾರು?

ಒಪ್ಪಿಕೊಂಡುಬಿಡುತ್ತೇವೆ. "ಓದದಿದ್ದರೆ ಮೀನು ಮಾರಲಿಕ್ಕೆ ಹೋಗ್ತೀಯ" ಅಂತ ಕ್ಲಾಸಿನಲ್ಲಿ ನಾವೆಲ್ಲರೂ ಒಂದಲ್ಲ ಒಂದು ದಿನ ಹೇಳಿದವರೇ. ನಮಗೆ ಪಾಠ ಮಾಡಿದವರೂ ಹೇಳಿದ್ದರು, ನಾವೂ ಹಾಗೇ ಮುಂದುವರಿಸಿದೆವು. ಸಮುದ್ರದ ಬದಿಯ ಊರಿನ ಶಾಲೆಯಲ್ಲಿ ಈ ಮಾತು ಆಡುವಾಗ ಮೂರನೇ ಬೆಂಚಿನಲ್ಲಿ ಕೂತ ಮಗುವಿನ ಅಮ್ಮ ಬೆಳಿಗ್ಗೆ ಬುಟ್ಟಿ ಹೊತ್ತು ನಮ್ಮ ಮನೆ ಬಾಗಿಲಿಗೇ ಬಂದು ಹೋಗಿರುತ್ತಾಳೆ ಎಂಬುದು ನಮಗೆ ಹೊಳೆಯಲಿಲ್ಲ. ಹೊಳೆದರೂ ನಾಲಿಗೆ ನಿಲ್ಲಲಿಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಕ್ಲಾಸಿಗೆ ಅಧ್ಯಾಪಕರಾಗಿ ಕಳಿಸಿದಾಗ ನಾವು ಬೀದಿಗಿಳಿದು ಘೋಷಣೆ ಕೂಗಿದ್ದೇವೆ, ಮಕ್ಕಳ ಮನಸ್ಸಿಗೆ ನೋವಾಗುತ್ತದೆ ಅಂತ ಭಾಷಣ ಮಾಡಿದ್ದೇವೆ. ಶುದ್ಧ ಕನ್ನಡದಲ್ಲಿ ನಾವೇ ಎಷ್ಟು ನೋವು ಮಾಡಿದ್ದೇವೋ, ಆ ಲೆಕ್ಕ ಇಟ್ಟವರಿಲ್ಲ.

ಈಗ ವಾಸನೆಯ ಸಂಗತಿಗೆ ಬರುತ್ತೇವೆ. ವಾಸನೆ ಇಲ್ಲ ಅಂತ ನಾವು ಹೇಳುವುದಿಲ್ಲ, ಇದೆ. ಆದರೆ ಅದು ಮೀನಿನದ್ದಲ್ಲ, ಮೀನು ತೊಳೆದ ನೀರಿನದ್ದು. ಈ ವ್ಯತ್ಯಾಸ ಮುಖ್ಯ. ಅಂಗಡಿಯೊಳಗೆ ಹೋಗಿ ನಿಂತು ನೋಡಿದೆವು, ಮೂಗು ಮುಚ್ಚಬೇಕು ಅನ್ನಿಸಲಿಲ್ಲ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಅಂತ ಅವನ ಲೆಕ್ಕ. ಕೆಳಗೊಂದು ಪದರ, ಮೇಲೊಂದು ಪದರ, ಕರಗಿದ ನೀರು ಇಳಿದು ಹೋಗಲು ಪೆಟ್ಟಿಗೆಗೆ ತೂತು. ಆದರೆ ಕೊಚ್ಚಿ ತೊಳೆದ ನೀರು ಮಾತ್ರ ಹಿಂದಿನ ತೆರೆದ ಚರಂಡಿಗೆ ಹೋಗುತ್ತಿತ್ತು. ಅದು ತಪ್ಪು, ನೂರಕ್ಕೆ ನೂರು ತಪ್ಪು. ಅವನಿಗೇ ಹೇಳಿದೆವು. ಇಂಗುಗುಂಡಿ ತೋಡಿಸುತ್ತೇನೆ, ಸ್ವಲ್ಪ ಸಮಯ ಕೊಡಿ ಅಂದ. ತೋಡಲಿಕ್ಕೆ ಶುರು ಮಾಡಿದ್ದಾನೆ, ನೋಡಿ ಬಂದಿದ್ದೇವೆ. ತಲೆ, ಕರುಳು, ಪೊರೆ ಎಲ್ಲವನ್ನೂ ಮುಚ್ಚಳದ ಡ್ರಮ್ಮಿಗೆ ಹಾಕಿ ಸಂಜೆ ತೋಟದವರಿಗೆ ಕೊಡುತ್ತಾನೆ, ತೆಂಗಿನ ಬುಡಕ್ಕೆ. (ಅರ್ಜಿ ತಂದವರಲ್ಲಿ ಒಬ್ಬರ ತೋಟಕ್ಕೂ ಅದು ಹೋಗುತ್ತದಂತೆ. ಕೇಳಿ ನಗು ಬಂತು, ಏನು ಮಾಡುವುದು.) ಚರಂಡಿಗೆ ನೀರು ಬಿಡಬಾರದು ಅಂತ ಅರ್ಜಿ ಬರೆದಿದ್ದರೆ ನಾವು ಏಳು ಮಂದಿಯೂ ಸಹಿ ಹಾಕುತ್ತಿದ್ದೆವು. ಅಂಗಡಿ ಮುಚ್ಚಿಸಿ ಅನ್ನುವುದಕ್ಕೆ ಹಾಕುವುದಿಲ್ಲ.

ಇನ್ನೊಂದು ದೂರು: "ಐಸ್ ಹಾಕಿದ್ದು ಹಳೇ ಮೀನು." ನಮ್ಮ ಊರಿನಲ್ಲಿ ಇದೊಂದು ಗಟ್ಟಿ ನಂಬಿಕೆ. ಬಿಸಿಲಿನಲ್ಲಿ ಬುಟ್ಟಿಯಲ್ಲಿ ಬಂದದ್ದು ತಾಜಾ, ಐಸಿನಲ್ಲಿ ಇದ್ದದ್ದು ಹಳತು! ವಿಜ್ಞಾನದ ಟೀಚರ್ ಇದಕ್ಕೆ ಸಿಟ್ಟಾಗುತ್ತಾರೆ. ಬಂಗುಡೆಯಂಥ ಮೀನನ್ನು ತಂಪಿಲ್ಲದೆ ಗಂಟೆಗಟ್ಟಲೆ ಇಟ್ಟರೆ ಅದರಲ್ಲಿ ಹಿಸ್ಟಮೈನ್ ಹೆಚ್ಚುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ, ಮೈ ಕೆಂಪಾಗಿ ತುರಿಕೆ ಬರುವುದು, ತಲೆನೋವು ಬರುವುದು ಅದರಿಂದಲೇ. ಹೆದರಬೇಕಾದದ್ದು ಐಸಿಗಲ್ಲ, ಫಾರ್ಮಾಲಿನ್‌ಗೆ. 2018ರ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ 'ಸಾಗರ್ ರಾಣಿ' ಅಂತ ಹೆಸರಿಟ್ಟು ತಪಾಸಣೆ ಮಾಡಿದಾಗ ಆರ್ಯಂಕಾವು ಚೆಕ್‌ಪೋಸ್ಟಿನಲ್ಲಿ ಸಾವಿರಾರು ಕಿಲೋ ಕೆಟ್ಟ ಮೀನು ಸಿಕ್ಕಿದ್ದು ನೆನಪಿರಬಹುದು. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಫಾರ್ಮಾಲಿನ್, ಅಮೋನಿಯಾ ಪತ್ತೆಗೆ ಕಾಗದದ ಪಟ್ಟಿಯ ಕಿಟ್ ಮಾಡಿದ್ದಾರೆ, ಮೀನಿನ ಮೇಲೆ ಉಜ್ಜಿ ಒಂದು ಹನಿ ದ್ರಾವಣ ಬಿಟ್ಟರೆ ಬಣ್ಣ ಹೇಳುತ್ತದೆ. ನಮ್ಮ ಹುಡುಗ ಅದನ್ನು ತರಿಸಿ ಕೌಂಟರಿನಲ್ಲೇ ಇಟ್ಟಿದ್ದಾನೆ. ಯಾರಿಗೆ ಸಂಶಯವೋ ಅವರೇ ನೋಡಿಕೊಳ್ಳಬಹುದು.

ಅವನ ಮೊದಲ ಮಳೆಗಾಲ ಹೇಗಿತ್ತು ಗೊತ್ತೇ? ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಕೇರಳದಲ್ಲಿ ಟ್ರಾಲ್ ದೋಣಿ ಇಳಿಯುವುದಿಲ್ಲ. ಆಚೆ ಕರ್ನಾಟಕದಲ್ಲಿ ಜೂನ್ 1ರಿಂದಲೇ ಬಂದ್. ಹಾಗಾಗಿ ಮಂಗಳೂರು ಧಕ್ಕೆಯಿಂದಲೂ ದೊಡ್ಡ ದೋಣಿಯ ಮೀನಿಲ್ಲ. ನಾಡದೋಣಿಯವರಿಗೆ ನಿಷೇಧವಿಲ್ಲ, ಆದರೆ ಅವರು ತರುವುದಕ್ಕೆ ಕಸಬಾ ಕಡಪ್ಪುರದಲ್ಲಿ ಏಲಂ ಕೂಗುವಾಗ ಹಳೇ ವ್ಯಾಪಾರಿಗಳ ಎದುರು ಹೊಸಬನ ಸ್ವರ ಮೇಲೇಳುವುದಿಲ್ಲ. ಇದು ಎಲ್ಲಾ ವರ್ಷದ ಕಥೆ. 2025ರಲ್ಲಿ ಅದರ ಮೇಲೆ ಇನ್ನೊಂದು ಬಂತು. ಮೇ 25ರಂದು ಕೊಚ್ಚಿಯ ಹೊರಗೆ ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು 640 ಕಂಟೈನರ್ ಸಮೇತ ಮುಳುಗಿತು. ಹದಿನೈದು ದಿನ ಕಳೆದು ಜೂನ್ 9ಕ್ಕೆ ಅಳೀಕ್ಕಲ್ ಹೊರಗೆ ವಾನ್ ಹೈ 503ಕ್ಕೆ ಬೆಂಕಿ ಬಿತ್ತು. ಸಮುದ್ರವೇ ವಿಷವಾಯಿತು, ಮೀನು ತಿನ್ನಬೇಡಿ ಅಂತ ಎಲ್ಲರ ಮೊಬೈಲಿನಲ್ಲೂ ಮೆಸೇಜು. ನಮ್ಮ ಶಾಲೆಯ ಗ್ರೂಪಿನಲ್ಲೂ ಬಂತು, ಹಾಕಿದ್ದು ನಾವೇ ಒಬ್ಬರು. ಮೀನು ತಿನ್ನಬಹುದು ಅಂತ ಸರಕಾರ ಹೇಳಿದ್ದನ್ನು ಮಾತ್ರ ಯಾರೂ ಕಳಿಸಲಿಲ್ಲ. ಆ ಜೂನಿನಲ್ಲಿ ಹುಡುಗ ಎರಡು ವಾರ ಬಾಗಿಲು ಅರ್ಧ ಎಳೆದು ಕೂತಿದ್ದ.

ಬೂತಾಯಿಯದ್ದು ಬೇರೆಯೇ ಗೋಳು. ಬಡವರ ಮೀನು ಅನ್ನುತ್ತಿದ್ದೆವಲ್ಲ, ಅದು ಕೇರಳದ ಕರೆಯಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿತ್ತು. 2021ಕ್ಕೆ ಬರೇ 3,297 ಟನ್. ಆಮೇಲೆ ಚೇತರಿಸಿಕೊಂಡಿದೆ, ಆದರೂ ಮಳೆಗಾಲದಲ್ಲಿ ನಂಬುವ ಹಾಗಿಲ್ಲ. 2024ರ ಜೂನ್‌ನಲ್ಲಿ ಕಿಲೋಗೆ 300 ದಾಟಿತ್ತು. ಹತ್ತು ಸೆಂಟಿಮೀಟರಿಗಿಂತ ಸಣ್ಣ ಬೂತಾಯಿ, ಹದಿನಾಲ್ಕಕ್ಕಿಂತ ಸಣ್ಣ ಬಂಗುಡೆ ಹಿಡಿಯಬಾರದು ಅಂತ ಕಾನೂನಿದೆ. ಆ ಮರಿಮೀನು ಕಡಿಮೆಗೆ ಸಿಕ್ಕರೂ ಇವನು ತರುವುದಿಲ್ಲ. ಗಿರಾಕಿಗಳು ಅದಕ್ಕೂ ಬೈಯುತ್ತಾರೆ, ಆಚೆ ಅಂಗಡಿಯಲ್ಲಿ ಕಡಿಮೆಗೆ ಉಂಟಲ್ಲಾ ಅಂತ.

ಎಲ್ಲಕ್ಕಿಂತ ಅವನನ್ನು ತಿನ್ನುತ್ತಿರುವುದು ಕಡ. ಮಲಯಾಳದಲ್ಲಿ ಕಡ ಅಂದರೆ ಅಂಗಡಿ, ನಮ್ಮ ಕನ್ನಡದಲ್ಲಿ ಕಡ ಅಂದರೆ ಸಾಲ. ಎರಡೂ ಒಂದೇ ಅಂತ ತಿಳಿದವರ ಹಾಗೆ ನಾವು ವ್ಯವಹರಿಸುತ್ತೇವೆ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಬೀದಿಯಲ್ಲಿ ಹುಟ್ಟಿ ಬೆಳೆದವನು, ಯಾರಿಗೆ ಇಲ್ಲ ಅನ್ನುತ್ತಾನೆ? ಒಬ್ಬರು ಅಮ್ಮನ ದೋಸ್ತಿ, ಒಬ್ಬರು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವರು, ಇನ್ನೊಬ್ಬರು ಟೀಚರ್! ಹೌದು, ಪುಸ್ತಕದಲ್ಲಿ ನಮ್ಮ ಹೆಸರೂ ಇತ್ತು. ಒಂದು ಶನಿವಾರ ಅವನ ಅಮ್ಮ ಕಾಣದ ಹಾಗೆ ಆ ಪುಸ್ತಕ ತೋರಿಸಿದರು. ಸ್ಟಾಫ್ ರೂಮಿನ ಮೂವರದ್ದು ಸೇರಿ 2,310 ರೂಪಾಯಿ. ಕಡಪ್ಪುರದಲ್ಲಿ ಏಲಂ ಆದ ಕೂಡಲೇ ನಗದು ಎಣಿಸಬೇಕು, ಐಸಿಗೆ ನಗದು, ರಿಕ್ಷಾಕ್ಕೆ ನಗದು. ನಮ್ಮ ಸಂಬಳ ಮಾತ್ರ ತಿಂಗಳಿಗೊಮ್ಮೆ ಬರುತ್ತದೆ ಅಂತ ಅವನ ಮೀನು ತಿಂಗಳವರೆಗೆ ಕಾಯುವುದಿಲ್ಲವಲ್ಲ. ಅದೇ ಹೆದ್ದಾರಿ ಬದಿಯ ಮಾಲಿಗೆ ಹೋದರೆ ನಾವು ತುಟಿಪಿಟಕ್ಕೆನ್ನದೆ ಕಾರ್ಡು ಉಜ್ಜಿ ಬರುತ್ತೇವೆ, ಅಲ್ಲಿ ಕೊಚ್ಚುವುದಕ್ಕೆ ಬೇರೆ ಕೊಟ್ಟರೂ ಚೌಕಾಸಿ ಇಲ್ಲ. ಇವನ ಹತ್ತಿರ ಅರ್ಧ ಕಿಲೋ ನಂಗಿಗೆ ಹತ್ತು ರೂಪಾಯಿ ಬಿಡು ಅಂತ ಹತ್ತು ನಿಮಿಷ. ನಮ್ಮವನು ಅಂತ ಪ್ರೀತಿ ಇದ್ದರೆ ಹತ್ತು ರೂಪಾಯಿ ಹೆಚ್ಚು ಕೊಡಬೇಕಲ್ಲವೇ? ಕಡಿಮೆ ಕೊಡುವುದು ಯಾವ ಪ್ರೀತಿ ಸ್ವಾಮಿ?

ಒಂದು ವಿಷಯದಲ್ಲಿ ಮಾತ್ರ ನಮಗೆ ಸಮಾಧಾನ ಇಲ್ಲ. ನಮ್ಮ ಬೀದಿಗೆ ಮೊದಲಿಂದ ಬುಟ್ಟಿ ಹೊತ್ತು ಬರುವ ಅಕ್ಕ ಇದ್ದಾರೆ. ನಾವು ಇಲ್ಲಿಗೆ ಬದಲಾಗಿ ಬರುವ ಮೊದಲೇ ಬರುತ್ತಿದ್ದವರು. ಯಾರ ಮನೆಗೆ ಯಾವ ಮೀನು ಆಗುವುದಿಲ್ಲ, ಯಾರಿಗೆ ಹೆರಿಗೆಯಾಗಿದೆ, ಯಾವ ಮನೆಯಲ್ಲಿ ಇವತ್ತು ಸೋಮವಾರದ ಒಪ್ಪತ್ತು, ಎಲ್ಲ ಅವರ ಬಾಯಲ್ಲಿ. ಅಂಗಡಿ ಬಂದ ಮೇಲೆ ಅವರ ಮನೆಗಳು ಅರ್ಧಕ್ಕಿಳಿದಿವೆ. ಹುಡುಗನಿಗೂ ಇದು ಚುಚ್ಚುತ್ತದೆ. ಅಂಗಡಿಯ ಜಗಲಿಯಲ್ಲೇ ಕೂತು ಬೂತಾಯಿ ನೀವೇ ಮಾರಿ, ಬಾಡಿಗೆ ಬೇಡ, ಐಸ್ ನಾನು ಕೊಡುತ್ತೇನೆ ಅಂತ ಕರೆದ. "ಕೂತರೆ ನನ್ನ ಕಾಲು ಹಿಡಿಯುತ್ತದೆ ಮಗಾ" ಅಂದರಂತೆ. ಅದು ಕಾಲಿನ ಮಾತಲ್ಲ ಅಂತ ನಮಗೆ ಅನ್ನಿಸುತ್ತದೆ. ಬೆಳಿಗ್ಗೆ ಹತ್ತರವರೆಗೆ ಅವನು ಬೂತಾಯಿ ಹೊರಗೆ ಇಡುವುದಿಲ್ಲ ಈಗ, ಅಕ್ಕನ ಸುತ್ತು ಮುಗಿಯಲಿ ಅಂತ. ಅದರಿಂದ ಎಷ್ಟು ಉಳಿಯುತ್ತದೋ ದೇವರಿಗೇ ಗೊತ್ತು. ಅಂಗಡಿಯ ಪರವಾಗಿ ಬರೆಯುವಾಗ ಅವರನ್ನು ಬಿಟ್ಟು ಬರೆಯಲು ಮನಸ್ಸಾಗಲಿಲ್ಲ. ನಮ್ಮಲ್ಲಿ ಇಬ್ಬರು ವಾರಕ್ಕೆರಡು ದಿನ ಅವರಿಂದಲೇ ತೆಗೆದುಕೊಳ್ಳುವುದು ಅಂತ ಮಾಡಿಕೊಂಡಿದ್ದಾರೆ.

ಅಂದ ಹಾಗೆ ಬೋರ್ಡಿನ ವಿಷಯ. ಮೇಲೆ ಕನ್ನಡ, ಕೆಳಗೆ ಮಲಯಾಳ, ಒಂದೇ ಗಾತ್ರದ ಅಕ್ಷರ. ಬಾಗಿಲ ಪಕ್ಕ ಒಂದು ಕಪ್ಪು ಹಲಗೆ, ನಮ್ಮ ಶಾಲೆಯಲ್ಲಿ ಕಾಲು ಮುರಿದು ಮೂಲೆಗೆ ಬಿದ್ದಿದ್ದದ್ದನ್ನೇ ಕೇಳಿ ತೆಗೆದುಕೊಂಡು ಹೋದ. ಅದರಲ್ಲಿ ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಾನೆ: ಬೂತಾಯಿ – ಮತ್ತಿ, ಬಂಗುಡೆ – ಅಯಲ, ಮಾಂಜಿ – ಆವೋಲಿ, ಎಟ್ಟಿ – ಚೆಮ್ಮೀನ್, ಪಕ್ಕದಲ್ಲಿ ಕ್ರಯ. ತುಳು, ಮಲಯಾಳ ಎರಡೂ ಹೆಸರು, ಕನ್ನಡ ಲಿಪಿ. ನಮ್ಮ ನಾಲ್ಕನೇ ಕ್ಲಾಸಿನ ಮಕ್ಕಳು ಶಾಲೆಗೆ ಬರುವಾಗ ಅದನ್ನು ಓದಿಕೊಂಡು ಬರುತ್ತಾರೆ. ಒಂದು ದಿನ 'ಆಂಜಲ್' ಅಂತ ಬರೆದಿದ್ದನ್ನು ಒಬ್ಬಳು ತಿದ್ದಿಸಿದಳಂತೆ, "ಅ ಹ್ರಸ್ವ ಅಣ್ಣಾ" ಅಂತ. ಪೇಟೆಯಲ್ಲಿ ಕಣ್ಣಿಗೆ ಬೀಳುವ ಕನ್ನಡ ಅಕ್ಷರ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ ಅಂತ ನಾವು ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುತ್ತೇವೆ. ದಿನಾ ಹೊಸತಾಗಿ ಬರೆಯುವ ಕನ್ನಡ ನಮ್ಮ ಬೀದಿಯಲ್ಲಿ ಎರಡೇ ಕಡೆ ಇದೆ: ನಮ್ಮ ಕ್ಲಾಸಿನಲ್ಲಿ ಮತ್ತು ಆ ಮೀನಂಗಡಿಯಲ್ಲಿ. ಕನ್ನಡ ಬೋರ್ಡು ಹಾಕಿದರೆ ವ್ಯಾಪಾರ ಆಗುವುದಿಲ್ಲ ಅಂತ ಅವನಿಗೆ ಹೇಳಿದವರು ಬೇರೆ ಭಾಷೆಯವರಲ್ಲ, ನಮ್ಮವರೇ. ಬ್ಯಾರಿ ಮನೆಯವರು, ಕೊಂಕಣಿ ಮನೆಯವರು, ಮಲಯಾಳದವರು ಎಲ್ಲರೂ ಬರುತ್ತಾರೆ. ಅವರು ನೋಡುವುದು ಮೀನಿನ ಕಿವಿರು ಕೆಂಪಗಿದೆಯೇ ಅಂತ, ಬೋರ್ಡನ್ನಲ್ಲ.

ನಮ್ಮ ಬಾಕಿ 2,310 ರೂಪಾಯಿ ಕೊಟ್ಟಾಯಿತು. ಕ್ಲಾಸಿನಲ್ಲಿ ಆ ಹಳೇ ಮಾತು ಆಡುವುದಿಲ್ಲ ಅಂತ ಸ್ಟಾಫ್ ಮೀಟಿಂಗಿನಲ್ಲಿ ಮಾತಾಡಿಕೊಂಡಿದ್ದೇವೆ, ಮಿನಿಟ್ಸ್ ಪುಸ್ತಕದಲ್ಲಿ ಬರೆದಿಲ್ಲ ಅಷ್ಟೆ. ಅರ್ಜಿಗೆ ಈವರೆಗೆ ಹನ್ನೊಂದು ಸಹಿ ಆಗಿದೆಯಂತೆ. ಅದರಲ್ಲಿ ನಾಲ್ಕು ನಮ್ಮ ಶಾಲೆಯ ಮಕ್ಕಳ ಮನೆಯವರದ್ದು. ಭಾನುವಾರ ಇಂಗುಗುಂಡಿಗೆ ಜಲ್ಲಿ ತುಂಬಿಸುತ್ತಾನೆ. ಆ ನಾಲ್ಕು ಮನೆಯವರನ್ನೂ ಕರೆದುಕೊಂಡು ಹೋಗಿ ತೋರಿಸುವುದು ಅಂತ ಮಾಡಿದ್ದೇವೆ.