ಬೆಕ್ಕಿನ ಬೊಜ್ಜು: ಅಕ್ಕರೆಗೂ ಬೇಕು ಅಳತೆ

ಮನೆಯ ಬೆಕ್ಕು ದುಂಡಗಾದರೆ ನಮಗೆ ಸಂತೋಷ. ಚೆನ್ನಾಗಿ ಉಂಡು ಬೆಳೆದಿದೆಯೆಂದು ಬಂದವರಿಗೆಲ್ಲ ತೋರಿಸುತ್ತೇವೆ. ಆದರೆ ಆ ದುಂಡುತನ ಅನೇಕ ವೇಳೆ ಆರೋಗ್ಯದ ಲಕ್ಷಣವಾಗಿರದೆ ರೋಗದ ಮುನ್ಸೂಚನೆಯಾಗಿರುತ್ತದೆ. ಮೂಕಪ್ರಾಣಿಗೆ ಮಿತಿಮೀರಿ ಉಣಿಸುವುದನ್ನು ದಯೆಯೆಂದು ಭಾವಿಸುವುದು ತಪ್ಪು.

ಹಿಂದೆ ಕಣಜ, ಹಗೇವುಗಳ ಸುತ್ತ ಇಲಿ ಹಿಡಿಯುತ್ತಿದ್ದ ಬೆಕ್ಕಿಗೆ ಓಡಾಟವೇ ಕಾಯಕವಾಗಿತ್ತು. ಇಂದು ಪಟ್ಟಣದ ಮನೆಗಳಲ್ಲಿ ಅದು ಹಾಸಿಗೆಯ ಮೇಲೆ ಮಲಗಿರುತ್ತದೆ. ಎದ್ದಾಗಲೆಲ್ಲ ಬಟ್ಟಲು ತುಂಬಿರುತ್ತದೆ. 4 ಕಿಲೋ ಇರಬೇಕಾದ ಬೆಕ್ಕು 5 ಕಿಲೋ ಆದರೆ ನಮ್ಮ ಕಣ್ಣಿಗೆ ಅದು ಅಲ್ಪ. ಆದರೆ 60 ಕಿಲೋ ತೂಗುವ ಮನುಷ್ಯ 75 ಕಿಲೋ ಆದುದಕ್ಕೆ ಅದು ಸಮ. ಇರಬೇಕಾದ ತೂಕಕ್ಕಿಂತ ಶೇ. 20ರಷ್ಟು ಹೆಚ್ಚಾದರೆ ಪಶುವೈದ್ಯರು ಅದನ್ನು ಬೊಜ್ಜೆಂದೇ ಪರಿಗಣಿಸುತ್ತಾರೆ.

ಕೊಬ್ಬು ಸುಮ್ಮನೆ ಕುಳಿತ ಹೊರೆಯಲ್ಲ. ಅದು ಹಲವು ಪ್ರೋಟೀನುಗಳನ್ನು ರಕ್ತಕ್ಕೆ ಬಿಡುವ ಅಂಗ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಬೊಜ್ಜಿನಲ್ಲಿ ಹೆಚ್ಚುತ್ತದೆ. ಆದರೆ ಮಿದುಳು ಆ ಮಾತಿಗೆ ಕಿವಿಗೊಡುವುದಿಲ್ಲ. ಇನ್ಸುಲಿನ್ನಿಗೆ ನೆರವಾಗುವ ಅಡಿಪೊನೆಕ್ಟಿನ್ ಕುಗ್ಗುತ್ತದೆ. ಹೀಗಾಗಿ ಇನ್ಸುಲಿನ್ ಇದ್ದರೂ ಅದರ ಕೆಲಸ ಸಾಗುವುದಿಲ್ಲ. ಸ್ಥೂಲವಾದ ಬೆಕ್ಕಿಗೆ ಸಕ್ಕರೆ ಕಾಯಿಲೆ ತಗಲುವ ಸಂಭವ ಸರಿತೂಕದ ಬೆಕ್ಕಿಗಿಂತ ಸುಮಾರು ನಾಲ್ಕು ಪಟ್ಟು.

ಬೆಕ್ಕು ತನ್ನ ನೋವನ್ನು ಮರೆಮಾಡುವ ಪ್ರಾಣಿ. ಅದರ ಪರವಾಗಿ ಮಾತನಾಡುವುದು ರಕ್ತವೇ. ಆಸ್ಪತ್ರೆಗೆ ಒಯ್ದರೆ ಹೆದರಿಕೆಯಿಂದಲೇ ಬೆಕ್ಕಿನ ರಕ್ತದ ಸಕ್ಕರೆ ಏರುತ್ತದೆ. ಆ ಒಂದು ಅಳತೆಯನ್ನು ನಂಬಲಾಗದು. ಆದ್ದರಿಂದ ಫ್ರಕ್ಟೊಸಮೈನ್ ಪರೀಕ್ಷೆ ಮಾಡುತ್ತಾರೆ. ಸಕ್ಕರೆಯು ಆಲ್ಬುಮಿನ್ ಮೊದಲಾದ ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡ ಪ್ರಮಾಣವನ್ನು ಅದು ತಿಳಿಸುತ್ತದೆ. ಆ ಕ್ಷಣದ ಹೆದರಿಕೆ ಅದನ್ನು ಬದಲಿಸದು. ಹಿಂದಿನ ಕೆಲವು ವಾರಗಳ ಸ್ಥಿತಿಗೆ ಅದು ಸಾಕ್ಷಿ.

ಹಾಗೆಂದು ಬೆಕ್ಕನ್ನು ಉಪವಾಸ ಕೆಡವುವುದು ಇನ್ನೂ ದೊಡ್ಡ ಅಪಾಯ. ಶಿವರಾತ್ರಿಯ ಉಪವಾಸ ನಮಗೆ ಹಿತವಾಗಬಹುದು. ಸ್ಥೂಲವಾದ ಬೆಕ್ಕು ಕೆಲವೇ ದಿನ ಆಹಾರ ಬಿಟ್ಟರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗುತ್ತದೆ. ಅದನ್ನು ಹೊರಸಾಗಿಸಲು ಯಕೃತ್ತಿಗೆ ಪ್ರೋಟೀನಿನ ವಾಹಕಗಳು ಬೇಕು. ಆಹಾರವಿಲ್ಲದೆ ಅವು ಸಾಲದೆ ಬರುತ್ತವೆ. ಯಕೃತ್ತು ಕೊಬ್ಬಿನಿಂದ ತುಂಬಿ ಪ್ರಾಣಕ್ಕೇ ಕುತ್ತು ಬರುತ್ತದೆ. ಸ್ಥೂಲವಾದ ಬೆಕ್ಕು ಒಂದೆರಡು ದಿನ ಉಣ್ಣದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ತೂಕವನ್ನು ಅವರ ಸಲಹೆಯಂತೆ ವಾರಕ್ಕೆ ಸುಮಾರು ಶೇ. 1ರಷ್ಟು ಮಾತ್ರ, ನಿಧಾನವಾಗಿ ಇಳಿಸಬೇಕು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಲು-ಅನ್ನವೇ ಊಟ. ನಿಸರ್ಗ ಅದನ್ನು ಮಾಂಸಾಹಾರಿಯಾಗಿ ರೂಪಿಸಿದೆ. ಟಾರಿನ್ ಎಂಬ ಅವಶ್ಯಕ ಅಂಶ ಅನ್ನದಲ್ಲಿಲ್ಲ. ಅದರ ಕೊರತೆಯಿಂದ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ. ಹಾಲು-ಅನ್ನದಿಂದ ಹೊಟ್ಟೆ ತುಂಬಿ ಮೈ ಬೆಳೆದರೂ ಒಳಗೆ ಕೊರತೆ ಉಳಿಯುತ್ತದೆ. ನಮ್ಮ ಆಚಾರ ನಮಗಿರಲಿ. ಬೆಕ್ಕಿಗೆ ಕೊರತೆಯಾಗದ ಸಂಪೂರ್ಣ ಆಹಾರ ಯಾವುದೆಂದು ಪಶುವೈದ್ಯರನ್ನೇ ಕೇಳೋಣ. ಅದನ್ನು ನೀಡಲಾಗದು ಎನಿಸಿದರೆ, ಬೆಕ್ಕನ್ನು ಸಾಕುವ ಮುನ್ನವೇ ಯೋಚಿಸುವುದು ಲೇಸು.

ಸದ್ಭಕ್ತರು ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಲ್ಲಲಿ. ಬಂದ ತೂಕದಲ್ಲಿ ತಮ್ಮ ತೂಕವನ್ನು ಕಳೆಯಲಿ. ಅದರ ಪಕ್ಕೆಯ ಮೇಲೆ ಮೆಲ್ಲಗೆ ಕೈಯಾಡಿಸಲಿ. ಎಲುಬು ಬೆರಳಿಗೆ ಸಿಗದಿದ್ದರೆ ಎಚ್ಚರಗೊಳ್ಳಲಿ. ವರ್ಷಕ್ಕೊಮ್ಮೆ ಅದರ ರಕ್ತಪರೀಕ್ಷೆಯೂ ಆಗಲಿ. ದಾಸೋಹವೆಂದರೆ ಎಲೆ ತುಂಬುವಷ್ಟು ಬಡಿಸುವುದಷ್ಟೇ ಅಲ್ಲ, ಉಣ್ಣುವ ಜೀವಕ್ಕೆ ಏನು ಹಿತ, ಎಷ್ಟು ಹಿತ ಎಂದು ಅರಿತು ಬಡಿಸುವುದು. ಬಾಯಿಲ್ಲದ ಜೀವದ ವಿಷಯದಲ್ಲಿ ಆ ಅರಿವು ಪೂರ್ತಿಯಾಗಿ ನಮ್ಮ ಹೊಣೆ.